ಜೋಡಿಸಿದ ನಗು

ಸರ್ಕಾರಿ ಟಿವಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿ ಮೇಡಂ ಅಂತ. ಹೆಸರು ಹಿಡಿದು ಕರೆಯುವವರು ಮನೆಯಲ್ಲಿ ಮಾತ್ರ. ಬೇರೆಯವರು ಚಿತ್ರೀಕರಿಸಿ ತಂದದ್ದನ್ನು ಕಂಪ್ಯೂಟರಿನ ಮುಂದೆ ಕೂತು ಕತ್ತರಿಸಿ, ಹಿಂದುಮುಂದು ಮಾಡಿ, ಜೋಡಿಸಿ, ಒಂದು ಕಾರ್ಯಕ್ರಮ ಅನ್ನಿಸುವ ಹಾಗೆ ಮಾಡುವುದು ಅವಳ ಕೆಲಸ. ಕೈ ಬಹಳ ನಯ. ಯಾರದೋ ಮಾತಿನ ನಡುವೆ ಬಂದ ಕೆಮ್ಮನ್ನು ಅವಳು ತೆಗೆದುಹಾಕಿದರೆ, ಕೆಮ್ಮಿದವನೇ ಬಂದು ನೋಡಿದರೂ ತಾನು ಎಲ್ಲಿ ಕೆಮ್ಮಿದ್ದೆ ಅಂತ ಹುಡುಕಬೇಕಾಗುತ್ತಿತ್ತು.

ಆ ಕೇಂದ್ರದಲ್ಲಿ ಅವಸರ ಅನ್ನುವುದು ಇರಲಿಲ್ಲ. ಉದ್ದನೆಯ ಓಣಿ, ಸುಣ್ಣ ಉದುರುವ ಗೋಡೆ, ಗರಗರ ಅನ್ನುವ ಫ್ಯಾನು. ಮಧ್ಯಾಹ್ನ ಕಿವಿ ಕೇಳದವರಿಗಾಗಿ ಕೈಸನ್ನೆಯ ಸುದ್ದಿ, ಆಮೇಲೆ ಮಕ್ಕಳಿಗೆ ವಿಜ್ಞಾನ, ಸಂಜೆ ಯಾವುದಾದರೊಂದು ಕಸುಬಿನವರ ಕಥೆ. ಇವುಗಳ ನಡುವೆ ಮಂತ್ರಿಗಳ ಉದ್ಘಾಟನೆಗಳು. ಉಳಿದದ್ದನ್ನೆಲ್ಲ ಕತ್ತರಿಸಬಹುದಿತ್ತು, ಮಂತ್ರಿಗಳು ರಿಬ್ಬನ್ ಕತ್ತರಿಸುವುದನ್ನು ಮಾತ್ರ ಕತ್ತರಿಸುವ ಹಾಗಿರಲಿಲ್ಲ.

ಅವಳ ಜೊತೆ ಕೂತು ಕೆಲಸ ಮಾಡಿಸುತ್ತಿದ್ದ ಹಿರಿಯ ನಿರ್ಮಾಪಕರಿಗೆ ಹುಡುಗರೆಲ್ಲ ಸೇರಿ ಇಟ್ಟ ಹೆಸರು ಪೂರ್ಣವಿರಾಮ. ಯಾರೇ ಮಾತಾಡಲಿ, ವಾಕ್ಯ ಮುಗಿಯುವ ತನಕ ಕತ್ತರಿಸಲು ಬಿಡುತ್ತಿರಲಿಲ್ಲ. "ಸರ್, ಈ ಅಜ್ಜ ಒಂದು ಮಾತು ಮುಗಿಸೋಷ್ಟರಲ್ಲಿ ನೋಡೋರು ಊಟ ಮಾಡಿ ಕೈ ತೊಳ್ಕೊಂಡು ಬರ್ತಾರೆ" ಅಂತ ಅವಳು ಗೊಣಗಿದರೆ, "ಬರಲಿ ಬಿಡು ಕತ್ತರಿ. ಅವರು ಬಂದಾಗ ಅಜ್ಜ ಮಾತು ಮುಗಿಸಿರ್ತಾನಲ್ಲ" ಅನ್ನುತ್ತಿದ್ದರು.

ಅವಳನ್ನು ಕಾಡುತ್ತಿದ್ದದ್ದು ಒಂದೇ. ತಾನು ಕಣ್ಣು ಸುಟ್ಟುಕೊಂಡು ಮಾಡಿದ್ದನ್ನು ನೋಡುವವರೇ ಇಲ್ಲ. ಮನೆಯಲ್ಲಿ ತಾಯಿಯೇ ನೋಡುತ್ತಿರಲಿಲ್ಲ. "ನಿನ್ನ ಚಾನಲ್ ಹಾಕಿದ್ರೆ ನಿದ್ದೆ ಚೆನ್ನಾಗಿ ಬರುತ್ತೆ ಕಣೇ, ಮಾತ್ರೆ ಉಳೀತು" ಅಂತ ತಾಯಿ ಒಮ್ಮೆ ನಗೆಯಾಡಿದಾಗ ಅವಳೂ ನಕ್ಕಳು. ನಕ್ಕರೂ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಹೊಸದಾಗಿ ಶುರುವಾದ ಖಾಸಗಿ ಸುದ್ದಿವಾಹಿನಿಯಿಂದ ಕರೆ ಬಂದದ್ದೇ ತಡ, ರಾಜೀನಾಮೆ ಕೊಟ್ಟಳು. ಪೂರ್ಣವಿರಾಮ ತಡೆಯಲಿಲ್ಲ. "ಇಲ್ಲಿ ನೋಡೋರು ಕಡಿಮೆ, ಗೊತ್ತು. ಆದ್ರೆ ನೋಡೋರಿಗೆ ನಾವೇನೂ ಮಾರೋದಿಲ್ಲ, ಅಷ್ಟೇ" ಅಂದರು.

"ಮಂತ್ರಿಗಳನ್ನ ಮಾರ್ತೀವಲ್ಲ ಸರ್" ಅಂದಳು ಅವಳು.

"ಅದೂ ಹೌದು" ಅಂತ ಅವರು ಒಪ್ಪಿಕೊಂಡರು.

ಹೊಸ ಆಫೀಸಿನಲ್ಲಿ ಗೋಡೆಯೆಲ್ಲ ಗಾಜು. ವಾರಕ್ಕೊಮ್ಮೆ ರೇಟಿಂಗ್ ಬಂದ ದಿನ ಆ ಅಂಕಿಗಳನ್ನು ದೊಡ್ಡ ಪರದೆಯ ಮೇಲೆ ಹಾಕುತ್ತಿದ್ದರು. ಏರಿದ್ದರೆ ಕೇಕು, ಇಳಿದಿದ್ದರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಲ್ಲಿ ಮಾತು ಮುಗಿಯುವ ತನಕ ಕಾಯುವ ರೂಢಿ ಇರಲಿಲ್ಲ. ಜಾಹೀರಾತಿಗೆ ಹೋಗುವ ಮುಂಚೆ ಏನೋ ಒಂದು ನೋಡುವವರ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು, ವಾಪಸ್ ಬರುವ ತನಕ ಅದು ಇಳಿಯಬಾರದು. ಅವಳು ಬೇಗ ಕಲಿತಳು. ಸುದ್ದಿ ವಿಭಾಗದ ಮುಖ್ಯಸ್ಥ ಅವಳಿಗಿಂತ ಚಿಕ್ಕವನು, ಮಾತಿನಲ್ಲಿ ಮರ್ಯಾದಸ್ಥ. "ಮೇಡಂ ಕೈ ಇಟ್ರೆ ಸಾಕು" ಅಂತ ಹೊಗಳುತ್ತಿದ್ದ. ತಾಯಿ ಈಗ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ. ಪಕ್ಕದ ಮನೆಯವರನ್ನು ಕರೆದು, "ಇದು ನಮ್ಮ ಹುಡುಗಿ ಮಾಡಿದ್ದು" ಅನ್ನುತ್ತಿದ್ದಳು. ಅವಳಿಗೆ ಅದು ಹಿತವಾಗಿತ್ತು. ಹಿತವಾಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆ ಬೇಸಿಗೆಯಲ್ಲಿ ನಗರಸಭೆಯ ಈಜುಕೊಳದಲ್ಲಿ ಕ್ಲೋರಿನ್ ಸೋರಿತು. ನೀರು ಶುದ್ಧ ಮಾಡುವ ಸಿಲಿಂಡರಿನ ವಾಲ್ವ್ ತಿರುಗಿಸಿದಾಗ ಅದು ಕೈಗೇ ಕಿತ್ತು ಬಂತು. ರಜೆಯ ತರಗತಿಗೆ ಬಂದಿದ್ದ ಮಕ್ಕಳು ಕೆಮ್ಮುತ್ತಾ, ಕಣ್ಣುಜ್ಜುತ್ತಾ ಹೊರಗೆ ಓಡಿದರು. ಅನೇಕರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಆದರೆ ಆ ಸಂಜೆ ಅದು ಯಾರಿಗೂ ಗೊತ್ತಿರಲಿಲ್ಲ.

ವಾಲ್ವ್ ತಿರುಗಿಸಿದವರು ಈಜು ಮೇಷ್ಟ್ರು. ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದ್ದವರು. ಕತ್ತರಿಯ ಮಗಳಿಗೂ. ನೀರು ಕಂಡರೆ ಕಿರುಚುತ್ತಿದ್ದ ಆ ಹುಡುಗಿಯನ್ನು ಅವರು ಮೊದಲು ಕೊಳದ ಅಂಚಿನಲ್ಲಿ ಸುಮ್ಮನೆ ಕೂರಿಸಿ, ಕಾಲು ಮಾತ್ರ ನೀರಿಗಿಳಿಸಿ, ಪಕ್ಕದಲ್ಲಿ ತಾವೂ ಕೂತು ಹರಟೆ ಹೊಡೆದಿದ್ದರು. ಹಾಗೆ ಎಷ್ಟೋ ಬೆಳಗು. ಕೊನೆಗೆ ಹುಡುಗಿಯೇ ಬೇಜಾರಾಗಿ ನೀರಿಗೆ ಧುಮುಕಿದ್ದಳು.

ಅವರನ್ನು ಮಾತಾಡಿಸಿ ತಂದ ದೃಶ್ಯಗಳು ಅವಳ ಮೇಜಿಗೇ ಬಂದವು. ಪೂರ್ತಿ ನೋಡಿದಳು. ಮೇಷ್ಟ್ರು ಕೊಳದ ಹೊರಗಿನ ಮೆಟ್ಟಿಲ ಮೇಲೆ ಕೂತು, ಒದ್ದೆ ಟವೆಲನ್ನು ಹೆಗಲಿನಿಂದ ತೆಗೆಯುವುದನ್ನೂ ಮರೆತು ಮಾತಾಡಿದ್ದರು. "ತಿರುಗಿಸಿದ್ದು ನಾನೇ. ಅದು ತುಕ್ಕು ಹಿಡಿದಿದೆ, ಬದಲಾಯಿಸಿ ಅಂತ ಎಷ್ಟು ಸಲ ಹೇಳಿದ್ದೀನೋ. ಆದ್ರೂ ಇವತ್ತು ಮಕ್ಕಳನ್ನ ಒಳಗೆ ಬಿಟ್ಕೊಂಡು ಮುಟ್ಟಬಾರದಿತ್ತು" ಅಂದಿದ್ದರು. ವರದಿಗಾರ, "ಮಕ್ಕಳು ಆಸ್ಪತ್ರೆಯಲ್ಲಿದ್ದಾರೆ, ಏನು ಹೇಳ್ತೀರಿ?" ಅಂತ ಕೇಳಿದಾಗ ಅವರು ಮುಖ ಬೇರೆ ಕಡೆ ತಿರುಗಿಸಿದ್ದರು.

ಮುಖ್ಯಸ್ಥ ಬಾಗಿಲಲ್ಲಿ ತಲೆ ಹಾಕಿದ. "ಹೇಗಿದೆ ಮೇಡಂ?"

"ಮಾತು ಉದ್ದ ಇದೆ."

"ತಿರುಗಿಸಿದ್ದು ನಾನೇ ಅಂದ್ನಲ್ಲ, ಅಷ್ಟು ಸಾಕು. ಆಮೇಲೆ ಏನಾದ್ರೂ ಬೇಕು. ಸುಮ್ಮನೆ ಮುಖ ತಿರುಗಿಸಿದ್ರೆ ಜನಕ್ಕೆ ಏನೂ ಅನ್ಸಲ್ಲ. ನೋಡಿ, ನಿಮಗೆ ಗೊತ್ತಾಗುತ್ತೆ." ಅಷ್ಟು ಹೇಳಿ ಹೋದ.

ನಗು ಹಾಕು ಅಂತ ಅವನು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಅವಳೇ ಹುಡುಕಿದಳು. ದೃಶ್ಯದ ಶುರುವಿನಲ್ಲಿ, ಮಾತುಕತೆಗೆ ಮುಂಚೆ, ಕ್ಯಾಮೆರಾದವನು ಮೇಷ್ಟ್ರ ಅಂಗಿಗೆ ಮೈಕು ಸಿಕ್ಕಿಸುತ್ತಿದ್ದ. ಗಾಬರಿಯಲ್ಲಿದ್ದ ಮನುಷ್ಯನನ್ನು ಸಮಾಧಾನ ಮಾಡಲು ಅವನು, "ಉಸಿರು ಬಿಡಿ ಮೇಷ್ಟ್ರೇ, ನೀವೀಗ ನೀರೊಳಗಿಲ್ಲ" ಅಂದ. ಮೇಷ್ಟ್ರು ಅರೆಗಳಿಗೆ ನಕ್ಕರು. ಪಾಪ, ಎದುರಿಗಿದ್ದವನಿಗೆ ಬೇಜಾರಾಗದಿರಲಿ ಅಂತ ನಗುವ ನಗು ಅದು. ಅವಳು ಆ ನಗುವನ್ನು ಎತ್ತಿ, ವರದಿಗಾರನ ಪ್ರಶ್ನೆಯ ಹಿಂದೆ ತಂದು ಇಟ್ಟಳು. ಬೆಳಕು ಒಂದೇ, ಮೆಟ್ಟಿಲು ಒಂದೇ, ಟವೆಲು ಒಂದೇ. ಎಲ್ಲೂ ಹೊಲಿಗೆ ಕಾಣಲಿಲ್ಲ. ಮಕ್ಕಳು ಆಸ್ಪತ್ರೆಯಲ್ಲಿದ್ದಾರೆ, ಏನು ಹೇಳ್ತೀರಿ? ಮೇಷ್ಟ್ರು ನಗುತ್ತಾರೆ. ಅಲ್ಲಿಗೆ ಜಾಹೀರಾತು.

ಆ ಕ್ಷಣದಲ್ಲಿ ಅವಳ ಮನಸ್ಸಿಗೆ ಅನ್ನಿಸಿದ್ದು ಇದು ತಪ್ಪು ಅಂತಲ್ಲ. ಎಷ್ಟು ಚೆನ್ನಾಗಿ ಕೂತಿತಲ್ಲ ಅಂತ. ಆಮೇಲೆ ಬಹಳ ಕಾಲ ಅವಳನ್ನು ಸುಟ್ಟದ್ದು ಇದೇ.

ಆ ಸಂಜೆ ಮನೆಗೆ ಬಂದಾಗ ಟಿವಿಯಲ್ಲಿ ಅದೇ ಓಡುತ್ತಿತ್ತು. ಮುಗಿದರೆ ಮತ್ತೆ ಮೊದಲಿನಿಂದ. ನಗುವ ಮುಖದ ಸುತ್ತ ಕೆಂಪು ವೃತ್ತ ಬೇರೆ ಹಾಕಿದ್ದರು. ತಾಯಿ, "ಎಂಥಾ ಕಲ್ಲುಹೃದಯ ನೋಡು" ಅಂತ ಬೈಯುತ್ತಿದ್ದಳು. ಮಗಳು ಸೋಫಾದ ತುದಿಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು.

"ಅಮ್ಮ, ಮೇಷ್ಟ್ರು ಹಾಗೆ ನಗಲ್ಲ. ಅವರು ಹಾಗಲ್ಲ."

"ಗಾಬರೀಲಿ ಜನ ಏನೇನೋ ಮಾಡ್ತಾರೆ ಪುಟ್ಟಿ."

"ಇದು ನೀನು ಮಾಡಿದ್ದಾ?"

ಅವಳು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದಳು. "ನಂದಲ್ಲ. ಬೇರೆ ಶಿಫ್ಟಿನೋರದು."

ಮಗಳು ನಂಬಿದಳು. ಅವಳಿಗೆ ಸುಲಭವಾಗಿ ನಂಬುವ ವಯಸ್ಸು. ನಂಬಿದ್ದರಿಂದಲೇ ಕತ್ತರಿ ಆ ರಾತ್ರಿ ತನ್ನ ತಟ್ಟೆಯನ್ನು ಹಾಗೇ ಎತ್ತಿಟ್ಟಳು.

ಮುಂದಿನದೆಲ್ಲ ಸರಸರ ನಡೆದುಹೋಯಿತು. ಮೇಷ್ಟ್ರನ್ನು ಕೆಲಸದಿಂದ ಅಮಾನತು ಮಾಡಿದರು. ಅವರ ಮನೆಯ ಕಿಟಕಿಗೆ ಕಲ್ಲು ಬಿತ್ತು. ಬಟ್ಟೆ ಹೊಲಿಯುತ್ತಿದ್ದ ಅವರ ಹೆಂಡತಿಗೆ ಕೊಟ್ಟ ಬಟ್ಟೆಗಳನ್ನು ಜನ ಅರ್ಧಕ್ಕೇ ವಾಪಸ್ ಒಯ್ದರು. ಬೀದಿ ಹುಡುಗರು ಮೇಷ್ಟ್ರನ್ನು ಕಂಡರೆ ಹಲ್ಲು ಕಿರಿದು ತೋರಿಸುತ್ತಿದ್ದರು. ವಾರದ ರೇಟಿಂಗ್ ಏರಿತು, ಆಫೀಸಿನಲ್ಲಿ ಕೇಕು ಕತ್ತರಿಸಿದರು. ಅವಳು ತನ್ನ ಪಾಲಿನ ತುಂಡನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು, ಬಸ್ ನಿಲ್ದಾಣದ ಕಸದ ಡಬ್ಬಿಗೆ ಹಾಕಿದಳು.

ಕೆಲವು ತಿಂಗಳ ಮೇಲೆ ತನಿಖೆಯ ವರದಿ ಬಂತು. ವಾಲ್ವ್ ಹಳೆಯದು, ಮೇಷ್ಟ್ರು ಅದನ್ನು ಮುಂಚೆಯೇ ತಿಳಿಸಿದ್ದರು, ಅನಿಲ ಸೋರಿದಾಗ ಮಕ್ಕಳನ್ನೆಲ್ಲ ಹೊರಗೆ ದಾಟಿಸಿ ಕೊನೆಗೆ ಬಂದವರು ಅವರೇ. ಅವಳು ಆ ವರದಿಯ ವಿಷಯ ಹಿಡಿದುಕೊಂಡು ಮುಖ್ಯಸ್ಥನ ಬಳಿ ಹೋದಳು. "ಇದನ್ನೂ ಹಾಕೋಣ. ನಾವು ಅಷ್ಟು ಹೊತ್ತು ತೋರಿಸಿದ್ದೀವಿ."

ಅವನು ನೊಂದವನ ಹಾಗೇ ಹೇಳಿದ. "ಹಾಕಬೇಕು ಮೇಡಂ, ನಿಜ. ಆದ್ರೆ ಯಾರು ನೋಡ್ತಾರೆ? ಈಗ ಜನ ಈಜುಕೊಳ ಮರೆತಿದ್ದಾರೆ." ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಒಂದೇ ಒಂದು ಸಲ ಅದು ಓಡಿಹೋಯಿತು.

ಪೂರ್ಣವಿರಾಮ ಫೋನು ಮಾಡಿದ್ದು ಆ ವಾರವೇ. ನಿವೃತ್ತಿಗೆ ಹತ್ತಿರವಾಗಿದ್ದರು. "ಈಜುಕೊಳದ ಮೇಲೆ ಒಂದು ಕಾರ್ಯಕ್ರಮ ಮಾಡ್ತಿದ್ದೀನಿ ಕತ್ತರಿ. ಮೇಷ್ಟ್ರು ಕ್ಯಾಮೆರಾ ಕಂಡ್ರೆ ಬಾಗಿಲು ಹಾಕ್ಕೊಳ್ತಾರೆ. ನಿನ್ನ ಮಗಳು ಅವರ ಹತ್ರ ಕಲಿತಳಲ್ಲ, ಒಂದು ಮಾತು ಹೇಳಿ ಒಪ್ಪಿಸ್ತೀಯಾ?"

ಅವರು ಫೋನು ಕಟ್ಟಾಯಿತೇನೋ ಅಂದುಕೊಂಡು ಹಲೋ ಹಲೋ ಅಂದರು.

"ಸರ್, ಆ ನಗು ನಾನು ಜೋಡಿಸಿದ್ದು."

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ನನಗೆ ಅನುಮಾನ ಇತ್ತು. ಅಷ್ಟು ಚೆನ್ನಾಗಿ ಜೋಡಿಸೋರು ಈ ಊರಲ್ಲಿ ಇನ್ಯಾರಿದ್ದಾರೆ?" ಅಂದರು. ಆಮೇಲೆ, "ಹಾಗಾದ್ರೆ ನೀನು ಅವರ ಮನೆಗೆ ಹೋಗಬೇಕಾದ್ದು ನನ್ನ ಕಾರ್ಯಕ್ರಮಕ್ಕಲ್ಲ" ಅಂದರು.

ಮೇಷ್ಟ್ರ ಮನೆ ಕಿರಿದಾದ ಮೆಟ್ಟಿಲು ಹತ್ತಿ ಹೋಗುವ ಮಹಡಿಯದು. ಒಡೆದ ಕಿಟಕಿಗೆ ರಟ್ಟು ಅಂಟಿಸಿದ್ದರು. ಹೊಲಿಗೆ ಯಂತ್ರದ ಮೇಲೆ ಹೊದಿಕೆ. ಟಿವಿ ಇದ್ದ ಜಾಗದಲ್ಲಿ ಈಗ ಧೂಳಿನ ಒಂದು ಚೌಕ ಮಾತ್ರ ಇತ್ತು. ಮೇಷ್ಟ್ರು ಅವಳನ್ನು ಗುರುತು ಹಿಡಿದು ಎದ್ದು ನಿಂತರು. "ಬನ್ನಿ ಬನ್ನಿ, ಮಗಳು ಚೆನ್ನಾಗಿದ್ದಾಳಾ? ಈಜು ಬಿಟ್ಟಿಲ್ಲ ತಾನೇ?"

ಆ ಪ್ರಶ್ನೆಯ ಎದುರು ಅವಳು ಸಿದ್ಧಮಾಡಿಕೊಂಡು ಬಂದಿದ್ದ ಮಾತೆಲ್ಲ ಉದುರಿಹೋಯಿತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿಂತೇ ಹೇಳಿದಳು. ಮೈಕು ಸಿಕ್ಕಿಸಿದ್ದು, ಕ್ಯಾಮೆರಾದವನ ತಮಾಷೆ, ತಾನು ಅದನ್ನು ಎತ್ತಿ ಎಲ್ಲಿಟ್ಟೆ ಅನ್ನುವುದು, ಯಾರೂ ಹೇಳದೆ ತಾನೇ ಹಾಗೆ ಮಾಡಿದ್ದು.

ಮೇಷ್ಟ್ರು ನಿಧಾನವಾಗಿ ಕೂತರು. "ನಾನು ನಕ್ಕಿರಲಿಲ್ಲ ಅಲ್ವಾ?"

"ಇಲ್ಲ ಮೇಷ್ಟ್ರೇ."

"ನಾನು ನಕ್ಕೇಬಿಟ್ಟೆ ಅಂದ್ಕೊಂಡಿದ್ದೆ ಅಮ್ಮ. ಟಿವೀಲಿ ನನ್ನ ಮುಖ, ನನ್ನ ಹಲ್ಲು. ಎಷ್ಟು ಸಲ ನೋಡಿದ್ರೂ ನಗ್ತಾನೇ ಇದ್ದೀನಿ. ಮಕ್ಕಳ ಮಾತು ಕೇಳಿ ನಗೋಂಥ ಮನುಷ್ಯನಾ ನಾನು ಅಂತ... ನನಗೇ ನಾನು ಬೇಡವಾಗಿದ್ದೆ." ಹೆಂಡತಿಯ ಕಡೆ ತಿರುಗಿ, "ಕೇಳಿಸ್ತಾ? ನಾನು ನಕ್ಕಿರಲಿಲ್ವಂತೆ" ಅಂದರು.

ಗೋಡೆಗೆ ಒರಗಿ ನಿಂತಿದ್ದ ಅವರ ಹೆಂಡತಿ ಕಣ್ಣು ಒರೆಸಿಕೊಳ್ಳಲಿಲ್ಲ. "ನಾನು ಇದನ್ನೇ ಹೇಳ್ತಾ ಬಂದೆ. ಇವರು ನನ್ನ ಮಾತು ನಂಬಲಿಲ್ಲ, ಟಿವಿ ನಂಬಿದ್ರು" ಅಂದರು. ಆಮೇಲೆ ಕತ್ತರಿಯ ಕಡೆ ನೋಡಿ, "ನಿಮ್ಮ ಮಗಳನ್ನ ಇವರು ಸ್ವಂತ ಮಗಳ ಹಾಗೆ ನೋಡ್ಕೊಂಡಿದ್ರು" ಅಂದರು. ಅಷ್ಟೇ ಅಂದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ.

ಕಾರ್ಯಕ್ರಮದ ಮಾತು ಎತ್ತಿದಾಗ ಮೇಷ್ಟ್ರು ಯೋಚಿಸಿ ಹೇಳಿದರು. "ಮಾತಾಡ್ತೀನಿ. ಆದ್ರೆ ನಾನು ನಕ್ಕಿಲ್ಲ ಅಂತ ನಾನೇ ಹೇಳಿದ್ರೆ ಯಾರು ನಂಬ್ತಾರೆ? ಈಗ ನನಗೆ ಹೇಳಿದ್ರಲ್ಲ, ಅದನ್ನ ನೀವು ಅಲ್ಲಿ ಹೇಳಿ."

ಒಪ್ಪಿದರೆ ಕೆಲಸ ಹೋಗುತ್ತದೆ, ಬೇರೆ ಯಾವ ವಾಹಿನಿಯೂ ಸೇರಿಸುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಕಷ್ಟದ್ದು ಮನೆಯಲ್ಲಿತ್ತು. ಮಗಳು ಹೋಮ್‌ವರ್ಕ್ ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು ಹೇಳಿದಳು. "ಆವತ್ತು ಬೇರೆ ಶಿಫ್ಟಿನೋರದು ಅಂದೆನಲ್ಲ, ಅದು ಸುಳ್ಳು."

ಮಗಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ನಾನು ಕ್ಲಾಸಲ್ಲಿ ಎಲ್ಲರ ಜೊತೆ ಜಗಳ ಆಡಿದೆ ಅಮ್ಮ. ನಮ್ಮಮ್ಮ ಆ ಚಾನಲ್ಲಿನಲ್ಲೇ ಇದ್ದಾರೆ, ಅವರು ಮಾಡಿದ್ದಲ್ಲ ಅಂತ." ಪುಸ್ತಕ ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಅನೇಕ ದಿನ ಅಲ್ಲೇ ಮಲಗಿದಳು.

ಸರ್ಕಾರಿ ಕೇಂದ್ರದಲ್ಲೂ ದಾರಿ ಸಲೀಸಾಗಿರಲಿಲ್ಲ. ಈಜುಕೊಳವೂ ಸರ್ಕಾರದ್ದೇ, ಟಿವಿಯೂ ಸರ್ಕಾರದ್ದೇ. ನಿರ್ದೇಶಕರು ಕಡತವನ್ನು ಅತ್ತಿಂದಿತ್ತ ತಳ್ಳಿದರು. ವಾಲ್ವ್ ಬದಲಾಯಿಸದ ಅಧಿಕಾರಿಯ ಹೆಸರು ತೆಗೆಯಿರಿ, ಮೇಷ್ಟ್ರ ದೂರಿನ ಮಾತೂ ಬೇಡ ಅಂದರು. ಪೂರ್ಣವಿರಾಮ ಅವರ ಕೋಣೆಯಲ್ಲಿ ಕೂತು ಏಳಲೇ ಇಲ್ಲ. "ಜನ ತೆರಿಗೆ ಕಟ್ಟಿ ನಮ್ಮನ್ನ ಸಾಕೋದು ಯಾಕೆ ಸರ್? ಬೇರೆಯವರು ಅರ್ಧಕ್ಕೆ ಬಿಟ್ಟ ಮಾತನ್ನ ನಾವಾದ್ರೂ ಮುಗಿಸಲಿ ಅಂತ. ಅದಕ್ಕೂ ಆಗಲಿಲ್ಲ ಅಂದ್ರೆ ಬೀಗ ಹಾಕೋಣ, ಕರೆಂಟಾದ್ರೂ ಉಳೀಲಿ" ಅಂದರಂತೆ. ಕೊನೆಗೆ ಅಧಿಕಾರಿಯ ಹೆಸರು ಹೋಯಿತು. ದೂರಿನ ಮಾತು ಉಳಿಯಿತು.

ಎಡಿಟ್ ಮಾಡಲು ಅವಳನ್ನು ಕೂರಿಸಲಿಲ್ಲ. "ನಿನ್ನ ಮಾತನ್ನ ನೀನೇ ಕತ್ತರಿಸೋದು ಬೇಡ" ಅಂದರು ಪೂರ್ಣವಿರಾಮ. ಕ್ಯಾಮೆರಾದ ಮುಂದೆ ಕೂತಾಗ ಅವಳಿಗೆ ಮೊದಲ ಸಲ ಗೊತ್ತಾಯಿತು, ದೀಪದ ಬಿಸಿ ಎಷ್ಟಿರುತ್ತದೆ, ಮೈಕು ಸಿಕ್ಕಿಸುವಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ. ತೊದಲಿದಳು, ನಡುವೆ ನಿಂತಳು, ಕೆಮ್ಮಿದಳು. ಎಲ್ಲವನ್ನೂ ಹಾಗೇ ಬಿಟ್ಟರು. ಮೇಷ್ಟ್ರೂ ತಮ್ಮ ಮಾತನ್ನು ಮೊದಲಿಂದ ಕೊನೆಯ ತನಕ ಹೇಳಿದರು. ನಡುವೆ ಜಾಹೀರಾತು ಬರಲಿಲ್ಲ.

ಭಾನುವಾರ ಮಧ್ಯಾಹ್ನ ಪ್ರಸಾರವಾಯಿತು. ಊರು ಉಂಡು ಮಲಗುವ ಹೊತ್ತು. ತಾಯಿ ಮಲಗದೆ ನೋಡಿದಳು. ಮುಗಿದ ಮೇಲೆ ಎದ್ದುಹೋಗಿ ತಟ್ಟೆಗೆ ಬಡಿಸಿ ತಂದು ಕತ್ತರಿಯ ಮುಂದಿಟ್ಟಳು. ಸೋಮವಾರ ಗಾಜಿನ ಆಫೀಸಿನ ಬಾಗಿಲಲ್ಲಿ ಅವಳ ಗುರುತಿನ ಕಾರ್ಡು ಕೆಲಸ ಮಾಡಲಿಲ್ಲ. ಕಾವಲಿನವನು ಅವಳ ಊಟದ ಡಬ್ಬಿ ಮತ್ತು ಸ್ವೆಟರನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟ.

ಮೇಷ್ಟ್ರಿಗೆ ಕೆಲಸ ವಾಪಸ್ ಸಿಕ್ಕಿತು. ಕೈಸನ್ನೆಯ ಸುದ್ದಿ ನೋಡಲು ಟಿವಿ ಹಚ್ಚಿ ಹಾಗೇ ಬಿಟ್ಟಿದ್ದ ಮನೆಗಳವರು ಈ ಕಾರ್ಯಕ್ರಮವನ್ನೂ ನೋಡಿದ್ದರು. ಕೊಳ ಮತ್ತೆ ತೆರೆದಾಗ ಮೊದಲು ಬಂದದ್ದು ಕಿವಿ ಕೇಳದ ಮಕ್ಕಳ ಶಾಲೆಯವರು. ಉಳಿದವರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಬರಲಿಲ್ಲ. ಕತ್ತರಿಯ ಮಗಳು ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಟವೆಲು ತೆಗೆದುಕೊಂಡು ಹೋದಳು. ಒದ್ದೆ ಕೂದಲಲ್ಲಿ ಬಂದವಳು ಅಮ್ಮನ ತಟ್ಟೆಯಿಂದ ಒಂದು ತುತ್ತು ಎತ್ತಿಕೊಂಡು ತಿಂದಳು. ಮಾತು ಮಾತ್ರ ಇನ್ನೂ ಮೊದಲಿನಷ್ಟು ಇರಲಿಲ್ಲ.

ಈಗ ಅವಳು ಸರ್ಕಾರಿ ಕೇಂದ್ರದಲ್ಲಿ ದಿನಗೂಲಿಯ ಲೆಕ್ಕದಲ್ಲಿ ಕೈಸನ್ನೆಯ ಸುದ್ದಿಯನ್ನು ಜೋಡಿಸುತ್ತಾಳೆ. ಹೊಲಿಗೆಯ ಅಂಗಡಿಗಳಿರುವ ಬೀದಿಯಲ್ಲಿ ಮೇಷ್ಟ್ರ ಹೆಂಡತಿ ಎದುರಾದರೆ ಅವರು ಆಚೆ ಬದಿಗೆ ದಾಟುತ್ತಾರೆ. ಅವಳು ಒಮ್ಮೆಯೂ ಕೂಗಿ ನಿಲ್ಲಿಸಲಿಲ್ಲ.

ಮೊನ್ನೆ ಕೆಲಸಕ್ಕೆ ಹೋಗುವಾಗ ಬಸ್ಸು ಈಜುಕೊಳದ ಮುಂದೆ ಹಾದುಹೋಯಿತು. ಮುಂದಿನ ಸೀಟಿನ ಹೆಂಗಸು ಪಕ್ಕದವಳಿಗೆ, "ನಗ್ತಿದ್ನಲ್ಲ, ಅವನು ಮತ್ತೆ ಇಲ್ಲೇ ಇದ್ದಾನಂತೆ" ಅಂದಳು. ಒಂದೆರಡು ದಿನ ತೋರಿಸಿದ್ದು ಊರಿಗೆಲ್ಲ ನೆನಪಿದೆ, ಭಾನುವಾರದ್ದು ಯಾರಿಗೂ ಗೊತ್ತಿಲ್ಲ. ಕತ್ತರಿ ಎದ್ದು ಕಂಬಿ ಹಿಡಿದು ಅವರ ಬಳಿ ಹೋಗಿ ನಿಂತಳು.

"ಅವರು ನಕ್ಕಿಲ್ಲ. ಆ ನಗು ತಂದು ಅಂಟಿಸಿದ್ದು ನಾನು."

ಇಬ್ಬರೂ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಯಾಕ್ರೀ ಹಾಗೆ ಮಾಡಿದ್ರಿ?" ಅಂತ ಕೇಳಿದಳು ಕಿಟಕಿ ಪಕ್ಕದವಳು.

ಅದಕ್ಕೆ ಒಂದು ಸಾಲಿನ ಉತ್ತರ ಅವಳ ಬಳಿ ಇರಲಿಲ್ಲ. ಅವಳು ಇಳಿಯುವ ನಿಲ್ದಾಣ ಬಂತು, ಕಂಡಕ್ಟರ್ ಕೂಗಿದ, ಬಾಗಿಲು ತೆರೆದು ಮುಚ್ಚಿತು. ಹೆಂಗಸರು ಸ್ವಲ್ಪ ಸರಿದು ಜಾಗ ಮಾಡಿದರು. ಅವಳು ಕೂತು, ಮೊದಲಿನಿಂದ ಹೇಳಲು ಶುರುಮಾಡಿದಳು.